ಮೊದಲ ಪುಟ, ಮೊದಲ ಸಾಲು

ಹಿಂದಿನ ಟ್ರಕ್ಕು ಎರಡನೇ ಸಲ ಗುದ್ದಿತು.

ನನ್ನ ಹಳೇ ಕಾರು ರಸ್ತೆಯ ಅಂಚಿಗೆ ಜಾರಿತು. ಎಡಕ್ಕೆ ಬೆಟ್ಟ. ಬಲಕ್ಕೆ ದೊಡ್ಡ ಗುಂಡಿ, ಅದರಾಚೆ ಗಣಿಯವರು ಸುರಿದುಹೋದ ಕಲ್ಲಿದ್ದಲ ಕಸದ ಗುಡ್ಡ. ಮಾರ್ಚ್ ತಿಂಗಳ ಕೊಳಕು ಹಿಮ ಇನ್ನೂ ಕರಗಿರಲಿಲ್ಲ.

ಗಡಿಯಾರ ನೋಡಿದೆ. ನಾಲ್ಕೂ ನಲವತ್ತು.

ಐದರವರೆಗೆ ತಪ್ಪಿಸಿಕೊಂಡರೆ ಸಾಕು... ಅಷ್ಟೇ. ಲೋಕದಲ್ಲಿ ಎಲ್ಲರೂ ಗಡುವಿನೊಳಗೆ ಎಲ್ಲಿಗಾದರೂ ತಲುಪಲು ಓಡುತ್ತಾರೆ. ನಾನು ಯಾರ ಕೈಗೂ ಸಿಗದೆ ಗಡುವು ದಾಟಿಸಲು ಓಡುತ್ತಿದ್ದೆ.

ಮೂರನೇ ಗುದ್ದು. ಸ್ಟೀರಿಂಗ್ ಕೈತಪ್ಪಿತು.

ಕಾರು ಗುಂಡಿಗೆ ಇಳಿಯುವ ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ, ಕೇಳಿ. ಲೆನ್ ಹುಡಾಕ್. ಸಹಿ ಓದುವುದು ಕಸುಬು.

ನಮ್ಮ ಪೆನ್ಸಿಲ್ವೇನಿಯಾದಲ್ಲಿ ಹದಿನೇಳು ಕ್ಷೇತ್ರ. ಎರಡು ವರ್ಷಕ್ಕೊಮ್ಮೆ ಹದಿನೇಳರಿಂದಲೂ ಒಬ್ಬೊಬ್ಬರನ್ನು ವಾಷಿಂಗ್ಟನ್ನಿನ ಸಂಸತ್ತಿಗೆ ಆರಿಸಿ ಕಳಿಸಬೇಕು. ಮತಪತ್ರದಲ್ಲಿ ನಿಮ್ಮ ಹೆಸರು ಅಚ್ಚಾಗಬೇಕೆಂದರೆ ಆ ಕ್ಷೇತ್ರದ ಸಾವಿರ ಮತದಾರರು ನಿಮ್ಮ ಅರ್ಜಿಗೆ ಸಹಿ ಹಾಕಿರಬೇಕು. ಅದರಲ್ಲಿ ಖೊಟ್ಟಿ ಸಹಿ ಹುಡುಕಿ, ಎದುರಾಳಿಯನ್ನು ಕಣಕ್ಕಿಳಿಯುವ ಮೊದಲೇ ಮುಗಿಸುವುದು ನನ್ನ ಕೆಲಸ. ಹದಿನೇಳು ಕ್ಷೇತ್ರದಲ್ಲೂ ನನ್ನ ಕೈಯಲ್ಲಿ ಮಣ್ಣು ಮುಕ್ಕಿದವರಿದ್ದಾರೆ. ಯಾರನ್ನು ಆರಿಸಲಿ ಎಂದು ತಲೆ ಕೆಡಿಸಿಕೊಳ್ಳುವ ಕಷ್ಟವನ್ನು ಮತದಾರರಿಗೆ ನಾನು ಕೊಟ್ಟವನಲ್ಲ.

ಈ ಸಲ ಕರೆಸಿದವನು ವಾರೆನ್ ಕೆಸ್ಲರ್. ಹದಿನಾಲ್ಕು ವರ್ಷದಿಂದ ನಮ್ಮ ಕ್ಷೇತ್ರದ ಸದಸ್ಯ. ಅವನೆದುರು ನಿಂತವಳು ಒಬ್ಬಳೇ. ಸ್ಕೂಲ್ ಬಸ್ ಓಡಿಸುವ ಡೊಲೋರೆಸ್ ಹುಡಾಕ್.

ಹೌದು, ಹುಡಾಕ್. ನನ್ನ ಅಣ್ಣ ಬರ್ನಿಯ ಹೆಂಡತಿ.

“ನಿನ್ನ ಅತ್ತಿಗೆ ಅಂತ ಗೊತ್ತು ಕಣಯ್ಯಾ,” ಅಂದಿದ್ದ ಕೆಸ್ಲರ್. “ಅದಕ್ಕೇ ನಿನ್ನ ಕರೆಸಿದ್ದು. ಮನೆಯವನೇ ತೆಗೆದ ಅಂದ್ರೆ ನನ್ನ ಯಾರೂ ಬೈಯಲ್ಲ.”

ನಾನು ಒಪ್ಪಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಕೆಸ್ಲರ್ ತಡೆಯದೆ ಬಿಟ್ಟು ಊರಿನ ಆಸ್ಪತ್ರೆಗೆ ಬೀಗ ಬಿದ್ದಾಗ ನಾನು ಅವನ ಕಡೆಯೇ ಕೆಲಸ ಮಾಡುತ್ತಿದ್ದೆ. ಅಂದಿನಿಂದ ಬರ್ನಿ ನನ್ನ ಜೊತೆ ಮಾತು ಬಿಟ್ಟ. ಎರಡು ವರ್ಷ. ಆ ಆಸ್ಪತ್ರೆ ಮತ್ತೆ ತೆಗೆಸುತ್ತೇನೆಂದೇ ಡೊಲೋರೆಸ್ ಚುನಾವಣೆಗೆ ನಿಂತಳು. ಅವಳು ಸಹಿ ಕೇಳಲು ಶುರು ಮಾಡಿದ ಹತ್ತನೇ ದಿನ ಬರ್ನಿಗೆ ಉಸಿರು ಕಟ್ಟಿತು. ಮೂವತ್ತು ವರ್ಷದ ಗಣಿ ಧೂಳು ಎದೆಯಲ್ಲಿತ್ತು. ಪಕ್ಕದೂರಿನ ಆಸ್ಪತ್ರೆಗೆ ಐವತ್ತು ನಿಮಿಷ. ಆಂಬುಲೆನ್ಸಿನಲ್ಲೇ ಹೋದ.

ಸಾವಿಗೆ ನಾನು ತಡವಾಗಿ ಹೋದೆ, ಬೇಗ ಬಂದೆ. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಡೊಲೋರೆಸ್ ಕಣ್ಣಿಗೆ ಬೀಳುವ ಧೈರ್ಯ ಇರಲಿಲ್ಲ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ.

ಆಕ್ಷೇಪಣೆ ಸಲ್ಲಿಸಲು ಅದೇ ಕೊನೆಯ ದಿನ. ರಾಜಧಾನಿ ಹ್ಯಾರಿಸ್‌ಬರ್ಗಿನ ಕೋರ್ಟಿನಲ್ಲಿ ಸಂಜೆ ಐದರೊಳಗೆ. ಸುಮ್ಮನೆ ‘ಎಲ್ಲ ಖೊಟ್ಟಿ’ ಅಂದರೆ ನ್ಯಾಯಾಧೀಶರು ಎತ್ತಿ ಬಿಸಾಡುತ್ತಾರೆ. ಯಾವ ಪುಟ, ಯಾವ ಸಾಲು ಅಂತ ಬರೆಯಬೇಕು. ಡೊಲೋರೆಸ್ ಸಲ್ಲಿಸಿದ್ದು ಸಾವಿರದ ಇಪ್ಪತ್ತೊಂದು ಸಹಿ. ಅದರ ನಕಲನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ಜಾಲಾಡಿದೆ. ಒಂದೂ ಹುಳುಕಿಲ್ಲ.

ಉಳಿದದ್ದು ಮೊದಲ ಪುಟ. ಅದನ್ನು ನಾನು ಯಾವಾಗಲೂ ಕೊನೆಗೆ ನೋಡುತ್ತೇನೆ. ಮೊದಲ ಪುಟದಲ್ಲಿ ಎಲ್ಲರೂ ಪ್ರಾಮಾಣಿಕರೇ. ಕಳ್ಳತನ ಶುರುವಾಗುವುದು ಕಾಲು ಸೋತ ಮೇಲೆ.

ಮೊದಲ ಸಾಲಿನಲ್ಲೇ ಇತ್ತು! ಅಂಕುಡೊಂಕು ಗೆರೆ. ತಡೆದು ತಡೆದು, ಪೆನ್ನು ಎತ್ತಿ ಎತ್ತಿ ಬರೆದದ್ದು. ಇನ್ನೊಬ್ಬರ ಸಹಿ ನಕಲು ಮಾಡುವ ಕೈ ಹೀಗೇ ಹಿಂಜರಿಯುತ್ತದೆ. ನಾನು ಹೆಸರು ಓದುವವನಲ್ಲ, ಗೆರೆ ಓದುವವನು. ಕೂಡಲೇ ಕೆಸ್ಲರ್‌ಗೆ ಫೋನ್ ಮಾಡಿದೆ.

“ಸಿಕ್ತು. ಒಂದು ಖೊಟ್ಟಿ. ನನ್ನ ಕಣ್ಣೆದುರೇ ಸಹಿ ಹಾಕಿದ್ರು ಅಂತ ಆ ಪುಟದ ಕೆಳಗೆ ಪ್ರಮಾಣ ಮಾಡಿರೋದು ಅವಳೇ. ಇಡೀ ಪುಟ ಹೋಗುತ್ತೆ. ಮೂವತ್ತು ಸಹಿ. ಸಾವಿರದ ಕೆಳಗೆ ಬರ್ತಾಳೆ.”

“ಬರೀ ಚುನಾವಣೆ ಹೋಗುತ್ತಾ, ಜೈಲೂ ಆಗುತ್ತಾ?”

“ಸುಳ್ಳು ಪ್ರಮಾಣ ಅಲ್ವಾ... ಜೈಲೂ ಆಗಬಹುದು.”

“ಭೇಷ್. ಪುಟ ಹೇಳು.”

ಆಗ ಹೆಸರು ಓದಿದೆ. ಬರ್ನಾರ್ಡ್ ಹುಡಾಕ್. ನಮ್ಮ ಬರ್ನಿ.

“ಲೆನ್? ಯಾವ ಪುಟ?”

ಫೋನ್ ಇಟ್ಟುಬಿಟ್ಟೆ.

ಬರ್ನಿಯ ಕೈಬರಹ ನನಗೆ ಗೊತ್ತಿಲ್ಲವೇ? ದಪ್ಪ ಅಕ್ಷರ, ಬಲಕ್ಕೆ ವಾಲಿದ್ದು. ಶಾಲೆಯಲ್ಲಿ ನನ್ನ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಕೊಡುತ್ತಿದ್ದವನೇ ಅವನು. ಇದು ಅವನದಲ್ಲ. ನಮ್ಮ ಗಣಿ ಊರುಗಳಲ್ಲಿ ಗಂಡನ ಸಹಿ ಹೆಂಡತಿ ಹಾಕುವುದು ಹೊಸದೇನಲ್ಲ. ಗಂಡ ಪಾಳಿ ಮುಗಿಸಿ ಬಂದು ಕೈ ತೊಳೆಯುವಷ್ಟರಲ್ಲಿ ಕಚೇರಿಗಳೆಲ್ಲ ಮುಚ್ಚಿರುತ್ತವೆ. ಯೂನಿಯನ್ ಕಾಗದ, ಧೂಳು ರೋಗದ ಪರಿಹಾರದ ಅರ್ಜಿ... ಎಲ್ಲದಕ್ಕೂ ಅವಳೇ ಗೀಚುತ್ತಾಳೆ. ಯಾರೂ ಕೇಳುವುದಿಲ್ಲ. ಡೊಲೋರೆಸ್ ಅದೇ ಅಭ್ಯಾಸಬಲದಲ್ಲಿ ಇದನ್ನೂ ಗೀಚಿದ್ದಾಳೆ. ತಪ್ಪು ಅಂತಲೂ ಅವಳಿಗೆ ಹೊಳೆದಿರಲಿಕ್ಕಿಲ್ಲ.

ಅಣ್ಣನ ಹೆಂಡತಿಯನ್ನು ಜೈಲಿಗೆ ಕಳಿಸಲೇ? ಅದೂ ಅಣ್ಣನ ಹೆಸರು ಹಿಡಿದು?

ನನ್ನ ಟಿಪ್ಪಣಿಯನ್ನೆಲ್ಲ ಒಲೆಗೆ ಹಾಕಿ ಕಾರು ಹತ್ತಿದೆ. ಕೆಸ್ಲರ್ ತನ್ನ ಬಂಟ ಬ್ರೋಗನ್‌ನನ್ನು ಬೆನ್ನಿಗೆ ಬಿಟ್ಟ. ಊರಿಂದೂರಿಗೆ ಅಟ್ಟಾಡಿಸಿ, ಕೊನೆಗೆ ಈ ಗುಂಡಿಗೆ ತಂದು ಕೆಡವಿದ.

ಕಾರು ಮೂತಿ ಊರಿಕೊಂಡು ನಿಂತಿತು. ಬಾಗಿಲು ಕಿತ್ತುಬಂತು. ಬ್ರೋಗನ್ ನನ್ನ ಕಾಲರ್ ಹಿಡಿದು ರಸ್ತೆಗೆಳೆದು ಹಿಮದ ಮೇಲೆ ಕೆಡವಿದ. ಗೂಳಿಯಂಥ ಆಳು.

“ಲೆನ್, ನಾವಿಬ್ರೂ ಒಂದೇ ಚರ್ಚಿನವರು. ನಿನ್ನ ಮೇಲೆ ಕೈ ಮಾಡೋಕೆ ನಂಗಿಷ್ಟ ಇಲ್ಲ.”

“ಹಾಗಾದ್ರೆ ಮಾಡಬೇಡ.”

ಮಾಡಿದ. ಎರಡು ಹಲ್ಲು ಹಿಮದಲ್ಲಿ ಬಿದ್ದವು.

ಅವನ ಕೈಯಲ್ಲಿದ್ದ ಫೋನಿನಿಂದ ಕೆಸ್ಲರ್ ದನಿ ಬಂತು. “ಲೆನ್, ವಕೀಲ ಕೋರ್ಟಿನ ಕೌಂಟರ್ ಹತ್ರ ಪೆನ್ನು ಹಿಡಿದು ನಿಂತಿದ್ದಾನೆ. ಎರಡೇ ಎರಡು ಸಂಖ್ಯೆ ಹೇಳು. ಪುಟ, ಸಾಲು. ಮನೆಗೆ ಹೋಗಿ ಮಲಕ್ಕೊ.”

“ನೆನಪಿಲ್ಲ ಕೆಸ್ಲರ್ ಸಾಹೇಬರೇ. ನಿಮ್ಮ ಹುಡುಗ ತಲೆಗೆ ಹೊಡೆದುಬಿಟ್ಟ.”

“ಬ್ರೋಗನ್, ನೆನಪು ಮಾಡಿಸು.”

ಬ್ರೋಗನ್ ನನ್ನ ಬಲಗೈ ಎಳೆದು ಟ್ರಕ್ಕಿನ ಮುಂದಿನ ಚಕ್ರದ ಕೆಳಗಿಟ್ಟ. ಮಣಿಕಟ್ಟಿನ ಮೇಲೆ ಬೂಟು ಊರಿ ನಿಂತ. ಕಿಟಕಿಯೊಳಗೆ ತೋಳು ಹಾಕಿ ಗೇರಿಗೆ ಕೈ ಕೊಟ್ಟ.

“ಸಹಿ ಓದೋನಿಗೆ ಕೈ ಯಾಕೆ ಬೇಕು?” ಅಂದ. “ಕಣ್ಣಿದ್ರೆ ಸಾಕಲ್ವಾ?”

ಹೆದರಿದೆ. ಸುಳ್ಳೇಕೆ ಹೇಳಲಿ... ಬೆವರಿಬಿಟ್ಟೆ. ಆ ಚಳಿಯಲ್ಲಿ!

ನಾಲ್ಕೂ ಐವತ್ತೆರಡು.

“ಹೇಳ್ತೀನಿ, ತೆಗಿ,” ಅಂದೆ. “ಪುಟ ಹನ್ನೊಂದು. ಸಾಲು ನಾಲ್ಕು.”

ಬ್ರೋಗನ್ ಅದನ್ನೇ ಫೋನಿಗೆ ಒಪ್ಪಿಸಿದ. ಆ ತುದಿಯಲ್ಲಿ ಕೆಸ್ಲರ್ ಇನ್ನೊಂದು ಫೋನಿನಲ್ಲಿ ವಕೀಲನಿಗೆ ಒಪ್ಪಿಸಿದ. ವಕೀಲ ಫಿಲಡೆಲ್ಫಿಯಾದವನು. ನಮ್ಮೂರಿನ ಹೆಸರುಗಳೆಲ್ಲ ಅವನಿಗೆ ಒಂದೇ. ನಾಲ್ಕೂ ಐವತ್ತೇಳಕ್ಕೆ ಕೋರ್ಟಿನ ಮೊಹರು ಬಿತ್ತು.

“ನೋಡು, ಎಷ್ಟು ಸುಲಭ ಇತ್ತು,” ಅಂದ ಬ್ರೋಗನ್, ನನ್ನ ಭುಜ ತಟ್ಟಿ.

ಪುಟ ಹನ್ನೊಂದು, ಸಾಲು ನಾಲ್ಕು ಯಾರದು ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ವಾರ ವಿಚಾರಣೆ. ಹೊಲಿಗೆ ಹಾಕಿಸಿಕೊಂಡ ಮುಖ ಹೊತ್ತು ಹಿಂದಿನ ಸಾಲಿನಲ್ಲಿ ಕೂತೆ. ಬ್ರೋಗನ್ ಎರಡು ಕುರ್ಚಿ ಆಚೆ.

ಸಾಕ್ಷಿ ಕಟಕಟೆಗೆ ಬಂದವಳು ಪುಟ ಹನ್ನೊಂದು, ಸಾಲು ನಾಲ್ಕರ ಪೆಗ್ ಸವಿಟ್ಸ್ಕಿ, ನಮ್ಮ ಚರ್ಚಿನವಳೇ. ಎಂಬತ್ತೊಂದು ವರ್ಷ. ಭಾನುವಾರದ ಕೋಟು, ಎದೆಗವಚಿದ ಕೈಚೀಲ. ಎರಡನೇ ಮದುವೆಯಿಂದ ಸವಿಟ್ಸ್ಕಿ. ಮೊದಲನೇ ಗಂಡನಿಂದ ಅವಳಿಗೆ ಒಬ್ಬನೇ ಮಗ... ನಮ್ಮ ಬ್ರೋಗನ್.

“ಇದು ನಿಮ್ಮ ಸಹಿಯೇ?” ವಕೀಲ ಕೇಳಿದ.

“ಮತ್ಯಾರದು, ಪೋಪ್ ಸ್ವಾಮಿಗಳದಾ?”

“ನಿಮ್ಮ ಪರವಾಗಿ ಬೇರೆ ಯಾರಾದರೂ...”

“ಅರವತ್ತು ವರ್ಷದಿಂದ ಎರಡೂ ಗಂಡಂದಿರ ಸಹಿ ನಾನು ಹಾಕಿದೀನಪ್ಪಾ. ನನ್ನ ಸಹಿ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ. ಕಾಗದ ಕೊಡಿ ಇಲ್ಲಿ.”

ನ್ಯಾಯಾಧೀಶರ ಎದುರೇ ಮೂರು ಸಲ ಬರೆದು ತೋರಿಸಿದಳು. ಮೂರೂ ಅರ್ಜಿಯ ಸಹಿಯ ಪಡಿಯಚ್ಚು. ಆಮೇಲೆ ಸಭಿಕರತ್ತ ತಿರುಗಿ, “ನನ್ನ ಸಹಿ ಖೊಟ್ಟಿ ಅಂದೋನು ಯಾವನು? ಎದ್ದು ನಿಲ್ಲಲಿ,” ಅಂದಳು. ಬ್ರೋಗನ್ ತನ್ನ ಬೂಟು ನೋಡಿಕೊಂಡು ಕೂತ.

ಆಕ್ಷೇಪಣೆ ವಜಾ. ಡೊಲೋರೆಸ್ ಹೆಸರು ಮತಪತ್ರದಲ್ಲಿ ಉಳಿಯಿತು.

ಕಾರಿಡಾರಿನಲ್ಲಿ ಅವಳು ನನ್ನೆದುರು ಬಂದು ನಿಂತಳು. ಬಸ್ಸಿನ ಜಾಕೆಟ್ಟಿನಲ್ಲೇ ಬಂದಿದ್ದಳು.

“ಮುಖಕ್ಕೇನಾಯ್ತು?”

“ಬಾಗಿಲು ತಾಗ್ತು.”

“ಪೆಗ್ ಹೆಸರು ಕೊಟ್ಟಿದ್ದು ನೀನೇ ಅಂತ ಊರೆಲ್ಲ ಮಾತಾಡ್ತಿದೆ. ಯಾಕೆ ಕೊಟ್ಟೆ?”

ಈ ಮಾತಿಗಾಗಿ ವಾರದಿಂದ ಕಾದಿದ್ದೆ. ಒಳಗೊಳಗೇ ಬೀಗುತ್ತಿದ್ದೆ ಕೂಡ. ತಗ್ಗಿದ ದನಿಯಲ್ಲಿ ಹೇಳಿದೆ. “ಇನ್ನೊಂದು ಸಹಿ ಮುಚ್ಚಿಡೋಕೆ. ಮೊದಲ ಪುಟ, ಮೊದಲ ಸಾಲು. ಇನ್ಮೇಲಾದ್ರೂ ಬರ್ನಿ ಹೆಸರು ನೀನು ಬರೀಬೇಡ ಡೊಲೋರೆಸ್. ಜೈಲಿಗೆ ಹೋಗ್ತಿದ್ದೆ.”

ಅವಳು ನನ್ನನ್ನೇ ನೋಡಿದಳು.

“ನಾನು ಬರೆದೆ ಅಂದ್ಕೊಂಡ್ಯಾ?”

“ಅದು ಅವನ ಕೈಯಲ್ಲ. ನಂಗೆ ಗೊತ್ತಿಲ್ವಾ?”

“ಕ್ರಿಸ್‌ಮಸ್ ದಿನ ಲಕ್ವ ಹೊಡೀತು ಅವನಿಗೆ. ಬಲಗೈ ಬಿದ್ದುಹೋಯ್ತು.” ದನಿ ಏರಲಿಲ್ಲ, ಇಳಿಯಲಿಲ್ಲ. “ಮೊದಲನೇ ಸಹಿ ನಂದೇ ಆಗ್ಬೇಕು ಅಂತ ಹಟ. ಎಡಗೈಯಲ್ಲಿ ಬರೆದ. ಹನ್ನೆರಡು ನಿಮಿಷ ಹಿಡೀತು. ನಾನು ಹಲಗೆ ಹಿಡ್ಕೊಂಡಿದ್ದೆ, ಅಷ್ಟೇ. ಮನೆಗೆ ಬರೋ ನರ್ಸೂ ಅಲ್ಲೇ ಇದ್ಲು.”

“ನಂಗೆ ಯಾರೂ ಹೇಳ್ಲಿಲ್ಲ...”

“ಮೂರು ಸಲ ಫೋನ್ ಮಾಡಿದ್ದೆ. ನೀನು ಎತ್ಲಿಲ್ಲ.”

ಮಾಡಿದ್ದಳು. ಕೆಸ್ಲರ್ ವಿಷಯಕ್ಕೆ ಬೈಯಲು ಇರಬೇಕೆಂದು ನಾನೇ ಎತ್ತಿರಲಿಲ್ಲ. ಶವಪೆಟ್ಟಿಗೆಯಲ್ಲಿ ಬರ್ನಿಯ ಬಲಗೈ ಮಡಚಿಕೊಂಡೇ ಇತ್ತಂತೆ, ಜಪಮಾಲೆಯನ್ನು ಎಡಗೈಗೆ ಸುತ್ತಿದ್ದರಂತೆ. ಕೊನೆಯ ಬೆಂಚಿಗೆ ಅದೆಲ್ಲ ಕಾಣುವುದಿಲ್ಲ.

“ಆ ಸಾಲನ್ನೇ ಕೊಡಬೇಕಿತ್ತು ಲೆನ್,” ಅಂದಳು. “ನಾನು ಗೆಲ್ತಿದ್ದೆ. ಅವನು ಹೇಗೆ ಬರೆದ, ಹೇಗೆ ಸತ್ತ, ಎಲ್ಲಾನೂ ಕೆಸ್ಲರ್ ವಕೀಲನ ಎದುರೇ ಹೇಳಬಹುದಿತ್ತು. ಪತ್ರಿಕೆಯೋರೆಲ್ಲ ಕೂತಿದ್ರು. ಅದನ್ನೂ ನೀನೇ ಕಿತ್ಕೊಂಡೆ.”

ಗಡಿಯಾರ ನೋಡಿದಳು. ಮಕ್ಕಳನ್ನು ಮನೆಗೆ ಬಿಡುವ ಹೊತ್ತು. ಹೊರಟುಹೋದಳು.

ಇಪ್ಪತ್ತೆರಡು ವರ್ಷ, ಹದಿನೇಳು ಕ್ಷೇತ್ರ, ಲಕ್ಷಗಟ್ಟಲೆ ಸಹಿ ಓದಿದ್ದೇನೆ. ಎರಡು ಹಲ್ಲು ಕೊಟ್ಟು ಮುಚ್ಚಿಟ್ಟದ್ದು ಒಂದೇ ಒಂದು... ಅದು ಅಸಲಿ.