ಅಕ್ಕ ಬರ್ತಾಳೆ ಅಲ್ಲ

"ಕ್ಯಾನ್ಸಲ್," ಎಂದಳು ಶ್ರೇಯಾ. ಕಾರಿನ ಬಾಗಿಲನ್ನು ಧಡಾರನೆ ಹಾಕಿ, ಬೆವರು ವಾಸನೆಯ ಬ್ಯಾಗನ್ನು ಹಿಂದಕ್ಕೆ ಎಸೆದಳು. ಅದು ಬಂದು ತಂಗಿ ಸಾನ್ವಿಯ ಮಡಿಲ ಮೇಲೆ ಬಿತ್ತು.

"ಏನು ಕ್ಯಾನ್ಸಲ್?" ಅಮ್ಮ ಕಾರು ಸ್ಟಾರ್ಟ್ ಮಾಡದೆ ಕೇಳಿದರು.

"ವಿಚಿಟಾ. ಟೀಮ್ ಹೋಗ್ತಿಲ್ಲ."

ಬೇರೆ ದಿನವಾಗಿದ್ದರೆ ಸಾನ್ವಿ ಮೂಗು ಮುಚ್ಚಿಕೊಂಡು ದೊಡ್ಡ ರಂಪ ಮಾಡುತ್ತಿದ್ದಳು. ಇವತ್ತು ಮಡಿಲಲ್ಲಿ ಬ್ಯಾಗಿರುವುದೇ ಅವಳಿಗೆ ಗೊತ್ತಾಗಲಿಲ್ಲ.

ಶ್ರೇಯಾ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಹೈಸ್ಕೂಲಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಹುಡುಗಿಯರ ಕುಸ್ತಿ ಟೀಮಿಗೆ ಅವಳೇ ಕ್ಯಾಪ್ಟನ್. ಶನಿವಾರ ಪಕ್ಕದ ಒಕ್ಲಹೋಮಾ ರಾಜ್ಯ ದಾಟಿ, ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಟೂರ್ನಮೆಂಟ್ ಇತ್ತು. ಈಗ ನೋಡಿದರೆ ರೂಲ್ ಅಡ್ಡ ಬಂದಿದೆಯಂತೆ. ಬೇರೆ ರಾಜ್ಯಕ್ಕೆ ಆಡಲು ಹೋಗುವ ಟೀಮು ಇಂತಿಷ್ಟು ಮೈಲಿಗಿಂತ ದೂರ ಹೋಗಬಾರದು ಎಂದು ಅವರ ಲೀಗಿನಲ್ಲಿ ಒಂದು ಮಿತಿ. ಕೋಚ್ ರಸ್ತೆ ಅಳೆದು ನೋಡಿದರೆ ವಿಚಿಟಾ ಆ ಮಿತಿಗಿಂತ ಹನ್ನೊಂದೇ ಮೈಲಿ ಆಚೆಗಿತ್ತು. ಹಾಗಾಗಿ ಟೀಮು ಅದೇ ದಿನ ಒಕ್ಲಹೋಮಾದ ಇನ್ನೊಂದು ಟೂರ್ನಮೆಂಟಿಗೆ ಹೋಗುತ್ತದೆ.

"ಹನ್ನೊಂದು ಮೈಲಿ ಅಮ್ಮ! ಮನೆಯಿಂದ ಇಂಡಿಯನ್ ಸ್ಟೋರಿಗೆ ಹೋಗಿಬಂದ್ರೆ ಅಷ್ಟಾಗತ್ತೆ," ಎಂದು ಶ್ರೇಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳು ಅಳುತ್ತಿದ್ದಳು. ಕುಸ್ತಿಯಲ್ಲಿ ಬಿದ್ದು ತುಟಿ ಒಡೆದಾಗಲೂ ಅತ್ತವಳಲ್ಲ.

ವಿಚಿಟಾದಲ್ಲಿ ದೊಡ್ಡಪ್ಪನ ಮನೆ. ಅಲ್ಲೇ ಅಜ್ಜ ಚನ್ನವೀರಪ್ಪ ಇದ್ದರು. ಹರೆಯದಲ್ಲಿ ಗದಗಿನ ಗರಡಿಮನೆಯಲ್ಲಿ ಮಣ್ಣು ಮೆತ್ತಿಕೊಂಡು ಕುಸ್ತಿ ಆಡಿದವರು. ಶ್ರೇಯಾಗೆ ಫೋನಿನಲ್ಲೇ ಪಟ್ಟು ಹೇಳಿಕೊಡುತ್ತಿದ್ದರು. "ಎದುರಿನವಳ ಕಣ್ಣು ನೋಡಬ್ಯಾಡ, ಸೊಂಟ ನೋಡು. ಕಣ್ಣು ಸುಳ್ಳು ಹೇಳ್ತಾವ," ಅನ್ನುತ್ತಿದ್ದರು. ಆದರೆ ಮೊಮ್ಮಗಳ ಕುಸ್ತಿಯನ್ನು ಅವರು ಒಮ್ಮೆಯೂ ಎದುರಿಗೆ ಕೂತು ನೋಡಿರಲಿಲ್ಲ. ವಿಡಿಯೋ ಕಳಿಸಿದರೆ, ಎರಡು ಇರುವೆ ಜಗಳಾಡಿದಂಗ ಕಾಣ್ತೈತಿ ಎಂದು ನಗುತ್ತಿದ್ದರು.

ಮೊಣಕಾಲಿನ ಆಪರೇಷನ್ ಆದಮೇಲೆ ಅಜ್ಜ ಎರಡು ಮೂರು ತಾಸಿಗಿಂತ ಹೆಚ್ಚು ಕಾರಿನಲ್ಲಿ ಕೂರುವಂತಿರಲಿಲ್ಲ. ಡಲ್ಲಾಸ್ ಕಡೆಗೆ ಬರುವ ಮಾತೇ ಇರಲಿಲ್ಲ. ಕಾಲು ನೆಟ್ಟಗಾದ ಕೂಡಲೇ ಊರಿಗೆ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಶ್ರೇಯಾಳ ಕುಸ್ತಿಯ ಸೀಸನ್ನೂ ಮುಗಿದಿರುತ್ತದೆ. ಇದ್ದದ್ದು ಇದೊಂದೇ ಅವಕಾಶ.

ಅದಕ್ಕೇ, ವಿಚಿಟಾಗೆ ಹೋಗುವುದು ಇನ್ನೂ ಪಕ್ಕಾ ಆಗಿಲ್ಲ, ಅಜ್ಜನಿಗೆ ಹೇಳಬೇಡ ಎಂದು ಅಮ್ಮ ಸಾನ್ವಿಯನ್ನು ಎಚ್ಚರಿಸಿದ್ದರು. ಸಾನ್ವಿಯ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಹೋದ ಭಾನುವಾರವೇ ಫೋನಿನಲ್ಲಿ ಒದರಿಬಿಟ್ಟಿದ್ದಳು.

"ನೀನೇ ಹೇಳಿದ್ದು ತಾನೆ? ಈಗ ಇಲ್ಲ ಅಂತಲೂ ನೀನೇ ಹೇಳು," ಎಂದರು ಅಮ್ಮ, ಮನೆಗೆ ಬಂದಮೇಲೆ ಫೋನನ್ನು ಅವಳ ಕೈಗಿಟ್ಟು.

ಸಾನ್ವಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಅಪ್ಪನ ಗದಗಿನ ಕನ್ನಡ, ಅಮ್ಮನ ಮೈಸೂರಿನ ಕನ್ನಡ, ಎರಡೂ. ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಅಜ್ಜನ ಹತ್ತಿರ ಅದು ನಡೆಯುತ್ತಿರಲಿಲ್ಲ. ಅವಳು ಸೋಫಾದ ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ವಾಕ್ಯ ಜೋಡಿಸಿದಳು. ಅಕ್ಕ ಬರ್ತಾಳೆ. ಅದಕ್ಕೆ ಇಂಗ್ಲಿಷಿನ 'ನಾಟ್' ಸೇರಿಸಬೇಕು. ನಾಟ್ ಅಂದರೆ ಅಲ್ಲ. ಹಿಂದೆ ಒಂದು 'ಅಲ್ಲ' ಅಂಟಿಸಿದರೆ ಆಯಿತು.

"ಅಜ್ಜಾ, ಸ್ಯಾಟರ್ಡೇ ಅಕ್ಕ ಬರ್ತಾಳೆ ಅಲ್ಲ."

"ಬರ್ತಾಳಲ್ಲ ಮತ್ತ!" ಅಜ್ಜ ಗಟ್ಟಿಯಾಗಿ ನಕ್ಕರು. "ಬರಲಿ, ಬರಲಿ. ಬಾಳ ಚೊಲೋ ಆತು."

ಸಾನ್ವಿ ಗಲಿಬಿಲಿಗೊಂಡಳು. ಚೊಲೋ ಆತು ಅಂದರೆ ಒಳ್ಳೆಯದಾಯಿತು. ಬೇಜಾರಾಗಬೇಕಾದವರು ನಗುತ್ತಿದ್ದಾರೆ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿತು. ಇನ್ನೊಮ್ಮೆ ಹೇಳಬೇಕು, ರೂಲಿನ ವಿಷಯವನ್ನೂ ಹೇಳಬೇಕು. ಆದರೆ ಇನ್ನೊಮ್ಮೆ ಹೇಳಿದರೆ ಆ ನಗು ನಿಂತುಹೋಗುತ್ತದಲ್ಲ! ಅವಳು ಬೈ ಅಜ್ಜಾ ಎಂದು ಫೋನ್ ಇಟ್ಟುಬಿಟ್ಟಳು.

ಬೇಜಾರು ಮಾಡಿಕೊಂಡರಾ ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು.

"ಇಲ್ಲ, ಅಜ್ಜ ಓಕೆ," ಎಂದಳು ಸಾನ್ವಿ. ಬೆನ್ನ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಗಿತ್ತು. ಮತ್ತೆ ಆ ಸುದ್ದಿಗೆ ಅವಳು ಹೋಗಲಿಲ್ಲ.

ಶನಿವಾರ ಒಕ್ಲಹೋಮಾದ ಟೂರ್ನಮೆಂಟ್ ನಡೆದ ಜಿಮ್‌ನಲ್ಲಿ ಶ್ರೇಯಾ ಜೋರಾಗಿ ಆಡಿದಳು. ಸಾನ್ವಿ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡಳು. ಕೊನೆಯ ಕುಸ್ತಿಯೂ ಮುಗಿದು ಶ್ರೇಯಾ ಬೆವರು ಒರೆಸಿಕೊಳ್ಳುತ್ತಾ ಅಪ್ಪ, ಅಮ್ಮ, ಸಾನ್ವಿಯ ಪಕ್ಕ ಬಂದು ಕೂತಾಗ ಅಪ್ಪನ ಫೋನ್ ರಿಂಗಾಯಿತು.

ದೊಡ್ಡಪ್ಪ ಸಿದ್ಧಾರೂಢ. ಆ ಕಡೆಯಿಂದ ಅವರ ದನಿ ಸಾನ್ವಿಗೂ ಕೇಳಿಸುವಷ್ಟು ದೊಡ್ಡದಿತ್ತು. "ಸಂಗಮೇಶ, ಎಲ್ಲಿದ್ದೀರೋ? ಅಪ್ಪ ಮುಂಜಾನಿಂದ ಜಿಮ್‌ನಾಗ ಕುಂತಾನ. ನಿಮ್ಮ ಬಸ್ ಇನ್ನೂ ಬಂದಿಲ್ಲ."

ಅಪ್ಪನ ಮುಖ ಬಣ್ಣಗೆಟ್ಟಿತು. ರೂಲಿನ ವಿಷಯ ವಿವರಿಸಿದರು. ಸಾನ್ವಿ ಮೊದಲೇ ಹೇಳಿದ್ದಳಲ್ಲ ಎಂದರು. ದೊಡ್ಡಪ್ಪ ವಾರವೆಲ್ಲ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದವರು. ಟೀಮು ನೇರ ಜಿಮ್‌ಗೇ ಬರುತ್ತದೆ ಎಂದು ಅಜ್ಜ ಹೇಳಿದ್ದನ್ನು ನಂಬಿ ಕರೆದುಕೊಂಡು ಹೋಗಿದ್ದರು. ಅಜ್ಜ ಕೇಸರಿ ರುಮಾಲು ಸುತ್ತಿಕೊಂಡು, ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದರಂತೆ. ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡುತ್ತಿದ್ದರಂತೆ.

"ಅಜ್ಜಗ ಏನಂತ ಹೇಳಿದ್ದಿ?" ಅಪ್ಪ ಸಾನ್ವಿಯ ಕಡೆ ತಿರುಗಿದರು.

"ಅಕ್ಕ ಬರ್ತಾಳೆ ಅಲ್ಲ ಅಂತ."

ಅಪ್ಪ ಹಣೆ ಚಚ್ಚಿಕೊಂಡರು. "ಬರಲ್ಲ ಅನ್ನಬೇಕಿತ್ತು. ಬರಂಗಿಲ್ಲ ಅನ್ನಬೇಕಿತ್ತು. ಬರ್ತಾಳಲ್ಲ ಅಂದ್ರ ಬಂದೇ ಬರ್ತಾಳ ಅಂತ ಆಗ್ತೈತಿ, ಹುಚ್ಚೀ."

ಶ್ರೇಯಾ ಫಕ್ಕನೆ ನಕ್ಕು, ಆಮೇಲೆ ಬಾಯಿ ಮುಚ್ಚಿಕೊಂಡಳು. ಪಾಪ, ಇಲ್ಲೇ ಹುಟ್ಟಿದ ಹುಡುಗಿ, ಕನ್ನಡದಲ್ಲಿ ಎಡವಿದಳು, ಅವಳದೇನು ತಪ್ಪು ಎಂದು ಅಮ್ಮ ಸಾನ್ವಿಯ ತಲೆ ಸವರಿದರು. ಅಪ್ಪನೂ ದೊಡ್ಡಪ್ಪನಿಗೆ ಅದನ್ನೇ ಹೇಳಿದರು. ಆ ಕಡೆ ದೊಡ್ಡಪ್ಪನೂ ನಕ್ಕಿದ್ದು ಕೇಳಿಸಿತು. ಸಾನ್ವಿಗೆ ನಗು ಬರಲಿಲ್ಲ. ತಲೆ ಸವರುತ್ತಿದ್ದ ಅಮ್ಮನ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು.

"ಅಜ್ಜ ನಿನ್ನ ಕೇಳಾಕತ್ತಾನ," ಎಂದು ಅಪ್ಪ ಫೋನ್ ಕೊಟ್ಟರು.

ಅಜ್ಜ ಮೊದಲು ಕೇಳಿದ್ದು ಅಕ್ಕ ಗೆದ್ದಳೇ ಎಂದು. ಮೂರಕ್ಕೆ ಮೂರೂ ಗೆದ್ದಳು ಎಂದಳು ಸಾನ್ವಿ. ಎದುರಿನವಳ ಬೆನ್ನು ನೆಲಕ್ಕೆ ಹಚ್ಚಿದಳೇ? ಎರಡರಲ್ಲಿ ಹಚ್ಚಿದಳು. ಅಜ್ಜ ಹೂಂಗುಟ್ಟಿದರು. ನೀವಿರುವ ಊರು ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಪಕ್ಕದಲ್ಲಿದ್ದ ದೊಡ್ಡಪ್ಪನೇ ಎರಡು ತಾಸು ಎಂದು ಉತ್ತರ ಕೊಟ್ಟರು.

ಆ ಜಿಮ್‌ನ ಸೀಟಿ ಫೋನಿನಲ್ಲಿ ಕೇಳಿಸಿತು.

"ದೂರ ಹೋಗಬಾರದು ಅನ್ನೋ ರೂಲು ನಿಮಗೈತವ್ವಾ," ಎಂದರು ಅಜ್ಜ. "ನನಗೇನು ರೂಲೈತಿ? ಹೇಳಿದ್ರ ನಾನ ಅಲ್ಲಿಗೆ ಬರ್ತಿದ್ದೆ."

ಬೈದ ದನಿಯಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎರಡು ತಾಸು. ಡಾಕ್ಟರು ಬೇಡವೆನ್ನದಷ್ಟೇ ದೂರ. ಇಷ್ಟು ಹೊತ್ತಿಗೆ ಅಜ್ಜ ಇಲ್ಲಿ, ಅಪ್ಪನ ಪಕ್ಕದಲ್ಲಿ ಕೂತಿರಬಹುದಿತ್ತು. ಈಗ ಹೊರಟರೆ ಏನು ಪ್ರಯೋಜನ? ಎದುರಿಗೆ ಆಗಲೇ ಇಬ್ಬರು ಹುಡುಗರು ಕುಸ್ತಿಯ ಮ್ಯಾಟ್ ಸುತ್ತಿಡುತ್ತಿದ್ದರು.

ಸಾನ್ವಿ ಎದ್ದು, ಯಾರೂ ಇಲ್ಲದ ಗೋಡೆಯ ಹತ್ತಿರ ಹೋದಳು.

"ಅಜ್ಜಾ, ಬರೀ ಕನ್ನಡದ ಮಿಸ್ಟೇಕ್ ಅಲ್ಲ. ನೀನು ನಕ್ಕಿದ್ದು ನಂಗೆ ಕೇಳಿಸ್ತು. ಯಾಕೆ ನಗ್ತಿ ಅಂತ ನಾನು ಕೇಳಲಿಲ್ಲ." ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಬಂದಿತ್ತು.

ಅಜ್ಜ ಹೋಗಲಿ ಬಿಡು ಎನ್ನಲಿಲ್ಲ. ಆಮೇಲೆ ಅವರ ದನಿ ಫೋನಿನಿಂದ ಸ್ವಲ್ಪ ದೂರವಾಯಿತು. ಮ್ಯಾಟ್ ಕಡೆ ನೋಡುತ್ತಿದ್ದರೇನೋ.

"ಇಲ್ಲೊಬ್ಬಾಕಿ ಹುಡುಗಿ ಬಾಳ ಚೊಲೋ ಆಡಾಕತ್ತಾಳ ನೋಡವಾ," ಎಂದರು. "ನಮ್ಮ ಶ್ರೇಯಾನೂ ಹಿಂಗ ಆಡ್ತಾಳೇನು?"

ಸಾನ್ವಿ ತಿರುಗಿ ಅಕ್ಕನನ್ನು ನೋಡಿದಳು. ಅಕ್ಕ ಶೂ ಬಿಚ್ಚುತ್ತಿದ್ದಳು. ಅಜ್ಜ ನೋಡುತ್ತಿದ್ದ ಹುಡುಗಿ ಸಾನ್ವಿಗೆ ಕಾಣುವಂತಿರಲಿಲ್ಲ. ಹೂಂ ಅಂದುಬಿಡುವುದು ಸುಲಭವಿತ್ತು.

"ಗೊತ್ತಿಲ್ಲ ಅಜ್ಜಾ," ಎಂದಳು. "ಅವಳು ಹೆಂಗೆ ಆಡ್ತಿದ್ದಾಳೆ, ಹೇಳು."

ಅಜ್ಜ ಹೇಳತೊಡಗಿದರು. ಯಾರು ಯಾರ ಕಾಲಿಗೆ ಕೈ ಹಾಕಿದರು, ಯಾರು ತಪ್ಪಿಸಿಕೊಂಡರು, ಎಲ್ಲ ಗರಡಿಮನೆಯ ಮಾತಿನಲ್ಲಿ. ಸೀಟಿಯ ಸದ್ದಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಸಾನ್ವಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ತಿಳಿಯದೇ ಹೋದಾಗಲೆಲ್ಲ ಅವರನ್ನು ನಿಲ್ಲಿಸಿ, "ಏನಂದಿ ಅಜ್ಜಾ? ಇನ್ನೊಮ್ಮೆ ಹೇಳು," ಎಂದು ಕೇಳುತ್ತಿದ್ದಳು.