ಪೆನ್ಸಿಲ್ ಬೀಳದ ಕೂದಲು

ಅಮ್ಮ ನನ್ನ ಕೂದಲನ್ನು ಬಿಸಿ ಬಾಚಣಿಗೆಯಿಂದ ಎಳೆದು ನೇರ ಮಾಡಿದಳು. ತಲೆಗೆ ಬಿಗಿಯಾಗಿ ಸುತ್ತಿ, ಮತ್ತೆ ಸುರುಳಿಯಾಗದಂತೆ ಮೇಲೊಂದು ಹಳೆಯ ನೈಲಾನ್ ಕಾಲುಚೀಲ ಎಳೆದಳು. ಕೇಪ್‌ಟೌನಿನ ನಮ್ಮ ಬೀದಿಯ ಹೆಂಗಸರು ಹಬ್ಬದ ಹಿಂದಿನ ದಿನ ಹೀಗೆ ಮಾಡುತ್ತಾರೆ. ಮರುದಿನ ಹಬ್ಬವಿರಲಿಲ್ಲ. ನಾನು ಬಿಳಿಯಳೋ ಮಿಶ್ರ ಜನಾಂಗದವಳೋ ಎಂದು ವರ್ಣಭೇದದ ಸರ್ಕಾರ ತೀರ್ಮಾನಿಸಿ ಗುರುತಿನ ಚೀಟಿ ಕೊಡುವುದಿತ್ತು.

ನನ್ನ ಮೈಬಣ್ಣ ಅಮ್ಮನದೇ. ತೀರಿಹೋದ ಅಪ್ಪನಿಂದ ಬಂದ ಕೂದಲೊಂದೇ ಚಾಡಿ ಹೇಳುತ್ತಿತ್ತು. ಅಮ್ಮನಿಗೆ ಬಿಳಿಯರ ಚೀಟಿ ಸಿಕ್ಕಾಗಿತ್ತು; ನನಗೂ ಸಿಕ್ಕರೆ ಬಿಳಿಯರ ಬಡಾವಣೆಯಲ್ಲಿ ಮನೆ ಮಾಡುವ ಆಸೆ ಅವಳಿಗೆ. ನನಗೆ ಬೇಸಿಲ್‌ನ ಆಸೆ. ಮೂಲೆಯಂಗಡಿಯ ದರ್ಜಿ, ಕಾಫಿಪುಡಿ ಬಣ್ಣದವನು, ಮಿಶ್ರ ಜನಾಂಗದ ಚೀಟಿಯವನು. ನಾನು ಬಿಳಿಯಳಾದರೆ ನಮ್ಮ ಮದುವೆ ಅಪರಾಧ.

ಬೆಳಿಗ್ಗೆ ಕೋಟಿನ ಗುಂಡಿಯ ನೆಪದಲ್ಲಿ ಅವನಲ್ಲಿಗೆ ಓಡಿದೆ. ಅವನು ಕಣ್ಣೆತ್ತದೆ ಹೊಲಿಯುತ್ತಿದ್ದ.

"ನಾಳೆಯಿಂದ ನಿನ್ನ ಮೇಡಂ ಅನ್ಬೇಕೇನೋ."

"ಅಂದ್ನೋಡು, ಅದೇ ಸೂಜೀಲಿ ಚುಚ್ತೀನಿ."

ನಗುತ್ತ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೂದಲಿಗೆ ಸಿಕ್ಕಿಸಿದ. ಜಾರಿ ಬಿತ್ತು. ಕಚೇರಿಯಲ್ಲೂ ಇದೇ ಪರೀಕ್ಷೆ, ಬಿದ್ದರೆ ಬಿಳಿ. ಅವನು ಅದನ್ನು ಎತ್ತಿ ಮತ್ತೆ ಕಿವಿಯ ಮೇಲಿಟ್ಟುಕೊಂಡ.

"ಅಮ್ಮನ ಮಾತು ಕೇಳು ಡೋರಾ. ನೀನಾದ್ರೂ ಸುಖವಾಗಿರು."

ನಾನು ಅಂಗಡಿಯ ಹಿತ್ತಲಿನ ನಲ್ಲಿಯ ಕೆಳಗೆ ತಲೆಯಿಟ್ಟೆ. ಒದ್ದೆ ಕೂದಲು ಸುರುಳಿ ಸುರುಳಿಯಾಗಿ ಎದ್ದಿತು. ನೇರ ಮಾಡಿದ್ದು ಹೀಗೆ ಮೊದಲಿನಂತಾದರೆ, ಕೂದಲು ಮನೆಗೆ ಹೋಯಿತು ಎನ್ನುತ್ತಾರೆ ನಮ್ಮಲ್ಲಿ. ಬೇಸಿಲ್ ಟವೆಲ್ ಹಿಡಿದು ನೋಡುತ್ತಲೇ ನಿಂತ.

"ಈಗ ಸಿಕ್ಕಿಸು," ಎಂದೆ.

ಪೆನ್ಸಿಲ್ ಅಲುಗಲಿಲ್ಲ. ಅವನ ಬೆರಳುಗಳೂ ಅಲ್ಲೇ ಉಳಿದವು.

ಗಾಳಿಗೆಂದು ಸ್ಕಾರ್ಫ್ ಕಟ್ಟಿದ್ದೇನೆ ಎಂದಾಗ ಅಮ್ಮ ನಂಬಿದಳು. ಕಚೇರಿಯಲ್ಲಿ ಅದನ್ನು ಬಿಚ್ಚಿದೆ. ಅಮ್ಮನ ಮುಖ ನೋಡಲಿಲ್ಲ. ಅಧಿಕಾರಿ ಪೆನ್ಸಿಲ್ ಸಿಕ್ಕಿಸಿ ತಲೆ ಕೊಡವಲು ಹೇಳಿದ. ಯಾರೆದುರೂ ದನಿ ಎತ್ತದವಳು ನಾನು. ಅಂದು ಹೇರ್‌ಪಿನ್ನುಗಳು ಹಾರುವಂತೆ ಕೊಡವಿದೆ. ಪೆನ್ಸಿಲ್ ಅಲ್ಲೇ ಇತ್ತು.

"ಇನ್ನೊಂದ್ಸಲ ಕೊಡವ್ಲಾ ಸರ್?"

ಬೇಡವೆಂದು ಕೈಯಾಡಿಸಿ ಅವನು ಬರೆದುಕೊಂಡ: ಮಿಶ್ರ ಜನಾಂಗ.

ವಾಪಸ್ಸು ಬರುವಾಗ ಅಮ್ಮ ಬಸ್ಸಿನ ಕೆಳಗಡೆ, ಬಿಳಿಯರ ಸೀಟಿನಲ್ಲಿ ಕೂತಳು. ನಾನು ಬಿಳಿಯರಲ್ಲದವರ ಮಹಡಿ ಹತ್ತಿದೆ. ಮೇಲಿಂದ ಸಮುದ್ರ ಕಾಣುತ್ತಿತ್ತು.

ಮನೆಯಲ್ಲಿ ಅವಳು ಕಾಲುಚೀಲವನ್ನು ಮಡಚುತ್ತಿದ್ದಳು, ಮತ್ತೆ ಬಿಚ್ಚಿ ಮಡಚುತ್ತಿದ್ದಳು. ನಾನು ಅವಳ ಕಾಲ ಬಳಿ ಕೂತು ತಲೆ ಒಡ್ಡಿದೆ.

"ಮದುವೆ ದಿನ ನೀನೇ ಬಾಚ್ಬೇಕು, ಅಮ್ಮಾ. ಬಿಸಿ ಬಾಚಣಿಗೆ ಬೇಡ."