ಹನ್ನೊಂದು ಸೆಕೆಂಡಿನ ಧ್ವನಿ

"ಮೇಡಂ, ನೀವು ಮುಂದೆ ಕೂತ್ಕೊಳ್ಳಿ. ಹಿಂದೆ ಕೂತ್ರೆ ನಿಮಗೆ ವಾಂತಿ ಬರುತ್ತೆ."

ಕಾರಿನ ಬಾಗಿಲು ತೆಗೆಯಲು ಹೋದ ಬೃಂದಾಳ ಕೈ ಅಲ್ಲೇ ನಿಂತುಬಿಟ್ಟಿತು.

ಇವನಿಗೆ ಹೇಗೆ ಗೊತ್ತು? ಈಗಷ್ಟೇ, ಇದೇ ಮೊದಲ ಸಲ ನೋಡುತ್ತಿರುವ ಡ್ರೈವರ್!

ಅದಕ್ಕಿಂತ ಹೆಚ್ಚಾಗಿ... ಆ ಧ್ವನಿ! ಎಲ್ಲೋ ಕೇಳಿದ ಧ್ವನಿ.

"ನಿಮಗೆ ಯಾರು ಹೇಳಿದ್ದು?"

ಅವನು ತಡವರಿಸಿದ. "ಯಾರೂ ಇಲ್ಲ ಮೇಡಂ... ತಿರುವಿನ ದಾರಿ ಅಲ್ವಾ, ಸುಮಾರು ಜನಕ್ಕೆ ಆಗುತ್ತೆ. ನನ್ನ ಹೆಸರು ಯತೀಶ್. ಊರು ಭೇರ್ಯ."

ಬೃಂದಾ ಮೈಸೂರಿನ ಒಂದು ಜಾನಪದ ಸಂಸ್ಥೆಗಾಗಿ ಹಾಡುಗಳನ್ನು ರೆಕಾರ್ಡ್ ಮಾಡುವವಳು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ... ನಾಲ್ಕು ತಾಲ್ಲೂಕು ಸುತ್ತಿ, ಅಲ್ಲಿನ ತಾಯಂದಿರು ತಂತಮ್ಮ ಭಾಷೆಯಲ್ಲಿ ಹಾಡುವ ಜೋಗುಳಗಳನ್ನು ನಾಲ್ಕು ದಿನದಲ್ಲಿ ಸಂಗ್ರಹಿಸಬೇಕಿತ್ತು. ಅವಳ ಜೊತೆಗೆ ಅತ್ತೆ ಚಿಕ್ಕಬೀರಮ್ಮನೂ ಹೊರಟಿದ್ದರು. "ಗುರುತಿಲ್ದ ಗಂಡಸಿನ ಕಾರಲ್ಲಿ ನನ್ ಸೊಸೆ ಒಬ್ಳನ್ನೇ ಕಳ್ಸಾಕಿಲ್ಲ" ಎಂಬುದು ಅವರ ಹಟ.

ಬೆಟ್ಟದಪುರದ ಮನೆಯಲ್ಲಿ ಈಗ ಇರುವುದು ಅತ್ತೆ-ಸೊಸೆ ಇಬ್ಬರೇ. ಚಿಕ್ಕಬೀರಮ್ಮನ ಮಗ, ಬೃಂದಾಳ ಗಂಡ ಲಿಂಗರಾಜು ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಚಾವಣಿಗೆ ತಗಡು ಹೇಳಿಬರಲು ಹುಣಸೂರಿಗೆ ಬೈಕಿನಲ್ಲಿ ಹೋದವನು ಮರಳಲಿಲ್ಲ. ಗುದ್ದಿದ ಲಾರಿ ಯಾವುದೆಂದು ಇಂದಿಗೂ ಗೊತ್ತಾಗಿಲ್ಲ.

ಯತೀಶ್ ಹಿಂದಿನ ಸೀಟಿನ ಮೇಲೆ ಬ್ಯಾಗ್ ಇಡಲು ಹೋದ.

"ಅಲ್ಲಿ ಬ್ಯಾಡ ಕಣಪ್ಪ" ಎಂದರು ಚಿಕ್ಕಬೀರಮ್ಮ. ಬಾಗಿಲಿಗೆ ಒತ್ತಿಕೊಂಡು ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು. "ಅಷ್ಟು ಜಾಗ ಖಾಲಿ ಇರ್ಲಿ."

ಯಾರಿಗೆಂದು ಬೃಂದಾ ಕೇಳಲಿಲ್ಲ. ಮನೆಯಲ್ಲೂ ಅಷ್ಟೇ. ಜಗುಲಿಯ ಮೇಲೆ ಒಂದು ಆಳಿನ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ಕನ್ನಡಿಯಲ್ಲಿ ಆ ಖಾಲಿ ಜಾಗವನ್ನು ನೋಡಿದ ಯತೀಶ್ ತಟ್ಟನೆ ಕಣ್ಣು ತಿರುಗಿಸಿದ.

*

ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡು ಹಾಡಿದರು. ಭಾಷೆ ತಿಳಿಯದ ಚಿಕ್ಕಬೀರಮ್ಮ ಕಣ್ಣೀರು ಹಾಕಿದರು. ಹಿಂದೆ ಪಿಕಪ್‌ನಲ್ಲಿ ಕ್ಯಾಂಪಿಗೆ ತರಕಾರಿ ಹಾಕುತ್ತಿದ್ದ ಯತೀಶನಿಗೆ ಅಜ್ಜಿಯ ಭಾಷೆ ಅಲ್ಪಸ್ವಲ್ಪ ಬರುತ್ತಿತ್ತು.

"ಅವಮ್ಮಂಗೆ ಮಗ ಅವ್ನಾ, ಎಂಗವ್ನೆ ಅಂತ ಕೇಳ್ಲಾ ಮಗ" ಎಂದರು ಚಿಕ್ಕಬೀರಮ್ಮ.

ಅವನು ಕೇಳಿ ತಿಳಿದು ಹೇಳಿದ. "ಅವರು ಚೆನ್ನಾಗಿದ್ದಾರೆ ಕಣಮ್ಮ."

ರೆಕಾರ್ಡರ್ ಇನ್ನೂ ಓಡುತ್ತಿತ್ತು.

ಅಂದು ಹುಣಸೂರಿನತ್ತ ಬರುವಾಗ ಒಂದು ತಿರುವಿನಲ್ಲಿ ಯತೀಶ್ ಕಾರನ್ನು ಪೂರ್ತಿ ನಿಧಾನ ಮಾಡಿದ. ರಸ್ತೆ ಖಾಲಿ ಇತ್ತು. ಹಳ್ಳವಿಲ್ಲ, ಉಬ್ಬಿಲ್ಲ, ದನವೂ ಅಡ್ಡ ಬಂದಿರಲಿಲ್ಲ. ಅವನ ತುಟಿ ಏನನ್ನೋ ಹೇಳಿಕೊಂಡಂತೆ ಅಲುಗಾಡಿತು.

ಬೃಂದಾ ಸೀರೆಯ ಅಂಚನ್ನು ಬಿಗಿಯಾಗಿ ಹಿಡಿದಳು. ಅದು ಲಿಂಗರಾಜು ಬಿದ್ದ ಜಾಗ!

ಮರುದಿನ ಬೆಳಿಗ್ಗೆ ಲಾಡ್ಜಿನ ಕಿಟಕಿಯ ಬಳಿ ಕೂತು ಅವಳು ಹೆಡ್‌ಫೋನ್ ಹಾಕಿಕೊಂಡಳು.

ಕರೆಗಳೆಲ್ಲ ತಾನಾಗಿ ರೆಕಾರ್ಡ್ ಆಗುವ ಅವಳ ಮೊಬೈಲಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ರೆಕಾರ್ಡಿಂಗ್ ಇತ್ತು. ಆ ದಿನ ಗಂಡನಿಗೆ ಫೋನ್ ಮಾಡಿದಾಗ ಯಾರೋ ಅಪರಿಚಿತ ಎತ್ತಿದ್ದ. ಅವಳು ಅದನ್ನು ಎಷ್ಟು ಸಲ ಕೇಳಿದ್ದಳೋ! ಕೇಳಿ ಕೇಳಿ ಶಪಿಸಿದ್ದಳು.

'ಅವರು ಚೆನ್ನಾಗಿದ್ದಾರೆ... ಹುಣಸೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀವಿ... ನೀವು ಬನ್ನಿ.'

ಆಮೇಲೆ ಬೈಲಕುಪ್ಪೆಯ ಧ್ವನಿ ಹಾಕಿದಳು.

'ಅವರು ಚೆನ್ನಾಗಿದ್ದಾರೆ ಕಣಮ್ಮ.'

ಅದೇ ಎಳೆತ. ಅದೇ ಗಂಟಲು. 'ಚೆ'ಗೆ ಮುಂಚಿನ ಅದೇ ಸಣ್ಣ ಉಸಿರು...

ಅವನೇ! ಚೆನ್ನಾಗಿದ್ದಾರೆ ಎಂದು ಸುಳ್ಳು ಹೇಳಿದವನು. ತಾನು ಆಸ್ಪತ್ರೆ ಸೇರುವ ಹೊತ್ತಿಗೆ ಮಾಯವಾದವನು. ತಪ್ಪಿಲ್ಲದವನು ಯಾಕೆ ಓಡಿಹೋಗುತ್ತಾನೆ?

ಹಾಗಾದರೆ ಲಿಂಗರಾಜುಗೆ ಗುದ್ದಿದ್ದು... ಲಾರಿಯಲ್ಲ, ಇವನ ಪಿಕಪ್ಪೇ?

*

ಎಚ್.ಡಿ. ಕೋಟೆ ದಾಟಿ, ಅಂತರಸಂತೆ ದಾಟಿ ಹೋಗುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಕಾಡಂಚಿನ ಹಾಡಿಯಲ್ಲಿ ಜೇನುಕುರುಬರ ಮಾಯಮ್ಮ ಹಾಡಿದ್ದು ಅರ್ಧ ಕಿವಿಗೆ ಬಿತ್ತು. ಕೇರಳ ಗಡಿಯ ಬಾವಲಿ ಊರಿನ ಹಾದಿಯಲ್ಲಿ ಟೀ ಅಂಗಡಿಯ ಮಲಯಾಳಿ ಅಕ್ಕ, ಗ್ಲಾಸು ತೊಳೆಯುತ್ತಲೇ ನಗುನಗುತ್ತಾ ಹಾಡಿದ್ದೂ ಅಷ್ಟೇ.

ಮರಳುವಾಗ ಕಬಿನಿ ಹಿನ್ನೀರಿನ ದಡದಲ್ಲಿ ಕಾರು ನಿಂತಿತು. ನೀರಿನ ನಡುವೆ ಯಾವತ್ತೋ ಮುಳುಗಿದ ಮರಗಳ ಒಣ ಬೊಡ್ಡೆಗಳು ನಿಂತಿದ್ದವು. ಚಿಕ್ಕಬೀರಮ್ಮ ಕಾರಿನಲ್ಲೇ ಕಣ್ಣು ಮುಚ್ಚಿದ್ದರು.

ಬೃಂದಾ ಮೊಬೈಲನ್ನು ಯತೀಶನ ಮುಖದ ಮುಂದೆ ಹಿಡಿದು ಒತ್ತಿದಳು.

ಹನ್ನೊಂದು ಸೆಕೆಂಡು.

ಅವನು ತಲೆ ತಗ್ಗಿಸಿದ.

"ನೀವೇ ಅಲ್ವಾ?"

"...ಹೌದು ಮೇಡಂ."

"ನೀವೇ ಗುದ್ದಿದ್ದಾ?"

"ಅಯ್ಯೋ! ಇಲ್ಲ! ನಮ್ಮಪ್ಪನಾಣೆ ಇಲ್ಲ!" ಅವನು ಎರಡೂ ಕೈ ಜೋಡಿಸಿದ. "ನಾವು ಹೋಗೋ ಹೊತ್ತಿಗೆ ಅವರು ರಸ್ತೆ ಪಕ್ಕ ಬಿದ್ದಿದ್ರು. ಪಿಕಪ್ ನನ್ನ ಸ್ನೇಹಿತ ಓಡಿಸ್ದ. ನಾನು ಹಿಂದೆ, ಅವರ ತಲೆ ನನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ."

"ಮತ್ತೆ ಆ ಸುಳ್ಳು? ಚೆನ್ನಾಗಿದ್ದಾರೆ ಅಂದ್ರಲ್ಲ!"

"ಅವರೇ ಹೇಳಿದ್ದು ಮೇಡಂ. ಸ್ಕ್ರೀನ್ ಮೇಲೆ ನಿಮ್ಮ ಹೆಸರು, ಫೋಟೋ ಬಂತು. ಅವರು ಕಣ್ಣು ಬಿಟ್ಟು, 'ಚೆನ್ನಾಗವ್ನೆ ಅನ್ನಿ, ಗಾಬ್ರಿ ಬೀಳ್ತಾಳೆ' ಅಂದ್ರು. ಆಮೇಲೆ..."

"ಆಮೇಲೆ?"

"'ಬಸ್ಸಲ್ಲಿ ಬರೋದ್ ಬ್ಯಾಡ ಅನ್ನಿ, ವಾಂತಿ ಮಾಡ್ಕತಾಳೆ. ಕಾರ್ ಮಾಡ್ಕೊಂಡು, ಮುಂದಿನ್ ಸೀಟಲ್ಲಿ ಕೂತು ಬರಾಕೇಳಿ' ಅಂದ್ರು. ಅಷ್ಟೊತ್ತಿಗೆ ನೀವು ಫೋನ್ ಇಟ್ಟಿದ್ರಿ. ತಿರುಗಿ ಮಾಡೋಣ ಅಂದ್ರೆ ಲಾಕ್ ಆಗಿತ್ತು. ಲಾಕ್ ತೆಗೆಯೋ ನಂಬರ್ ಏನು ಅಂತ ಅವರನ್ನ ಕೇಳಿದೆ... ಉತ್ತರ ಬರಲಿಲ್ಲ."

ಬೃಂದಾ ದಡದ ಹುಲ್ಲಿನ ಮೇಲೆ ಕೂತುಬಿಟ್ಟಳು.

ಸಾಯುವಾಗಲೂ ನನ್ನ ಹೊಟ್ಟೆ ತೊಳಸುವುದರ ಚಿಂತೆಯೇ, ಲಿಂಗೂ...

"ಮತ್ತೆ ಯಾಕೆ ಓಡಿಹೋದ್ರಿ?"

ಯತೀಶ್ ನೀರಿನ ಕಡೆ ಮುಖ ತಿರುಗಿಸಿದ.

"ನೀವು ಬಸ್ಸಿಳಿದು ಓಡಿ ಬಂದ್ರಿ. ಸೀರೆ ಮೇಲೆಲ್ಲ ವಾಂತಿ ಆಗಿತ್ತು. ಆದ್ರೂ ಮುಖದಲ್ಲಿ ನಗು ಇತ್ತು ಮೇಡಂ. ನನ್ನ ಮಾತು ನಂಬ್ಕೊಂಡು ನಗ್ತಾ ಬಂದ್ರಿ. ಅವರು ಹೋಗಿ ಆಗಲೇ ಹತ್ತು ನಿಮಿಷ ಆಗಿತ್ತು... ಆ ನಗು ನೋಡೋಕಾಗ್ದೆ ಹಿಂದಿನ ಗೇಟಿಂದ ಹೊರಟುಬಿಟ್ಟೆ. ಅವತ್ತಿಂದ ಅದು ನನ್ನ ಬಿಟ್ಟಿಲ್ಲ. ಈ ಟ್ರಿಪ್ಪಿಗೆ ನಿಮ್ಮ ಹೆಸರು, ಊರು ನೋಡಿ ನಾನೇ ಕೇಳಿ ತಗೊಂಡೆ. ಹೇಳ್ಬಿಡೋಣ ಅಂತ. ಹೇಳೋಕೆ ಧೈರ್ಯ ಆಗ್ಲಿಲ್ಲ."

ಹಿಂದೆ ಹೆಜ್ಜೆ ಸದ್ದಾಯಿತು. ಚಿಕ್ಕಬೀರಮ್ಮ! ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರು ಯತೀಶನನ್ನು ಕೈಹಿಡಿದು ಕೂರಿಸಿದರು. ತಾವೂ ಎದುರಿಗೆ ಕೂತು, ಅಂಗೈಯನ್ನು ಅವನ ತೊಡೆಯ ಮೇಲಿಟ್ಟರು.

"ಈ ತೊಡೇನಾ ಮಗ?"

ಅವನು ಹೌದೆಂದು ತಲೆಯಾಡಿಸಿದ.

"ಆ ಫೋನ್ ಮಾತೂ ಸುಳ್ಳು, ನನ್ ಮಗ ನಾಯಿ ಬಿದ್ದಂಗೆ ರಸ್ತೇಲಿ ಒಬ್ನೇ ಬಿದ್ದು ಸತ್ತ ಅನ್ಕಂಡಿದ್ದೆ ಕಣಪ್ಪ... ದಿನಾ ಅದನ್ನೇ ಅಂದ್ಕಂಡು ಮಲಗ್ತಿದ್ದೆ." ಅವರು ಅಂಗೈಯಿಂದ ಅವನ ತೊಡೆಯನ್ನು ಮೆಲ್ಲಗೆ ಸವರಿದರು, ಮಗುವಿನ ತಲೆ ಸವರುವಂತೆ. "ಒಬ್ನೇ ಇರ್ನಿಲ್ಲ ಬುಡು. ಒಬ್ನೇ ಇರ್ನಿಲ್ಲ."

ಮೂವರೂ ಅತ್ತರು.

*

ಉಳಿದ ಎರಡು ದಿನ ಬೃಂದಾ ಪ್ರಶ್ನೆ ಕೇಳುತ್ತಲೇ ಇದ್ದಳು. ಬಿಸಿಲಿತ್ತಾ? ನೀರು ಕೇಳಿದರಾ? ಯತೀಶ್ ಒಂದನ್ನೂ ಬಣ್ಣ ಹಚ್ಚದೆ ಹೇಳಿದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ.

ಟ್ರಿಪ್ ಮುಗಿದರೂ ಪ್ರತಿ ಭಾನುವಾರ ಚಿಕ್ಕಬೀರಮ್ಮನಿಗೆ ಅವನ ಫೋನ್ ಬರತೊಡಗಿತು. "ಅವ್ವಾ, ಊಟ ಆಯ್ತಾ? ಮಂಡಿ ನೋವು ಹೆಂಗಿದೆ?" ಸ್ಪೀಕರಿನಲ್ಲಿ ಆ ಧ್ವನಿ ಬಂದಾಗ ಬೃಂದಾ ಒಲೆಯ ಉರಿ ಸಣ್ಣ ಮಾಡಿ ನಿಲ್ಲುತ್ತಿದ್ದಳು. ಎರಡೂವರೆ ವರ್ಷ ಶಪಿಸಿದ ಧ್ವನಿ! ಈಗ ಅದಕ್ಕಾಗಿಯೇ ಶನಿವಾರದಿಂದ ಕಾಯುತ್ತಿದ್ದಳು.

ಒಂದು ಭಾನುವಾರ ಫೋನ್ ಅವಳ ಕೈಗೇ ಬಂತು. ಇಬ್ಬರೂ ಒಂದು ಗಂಟೆ ಮಾತಾಡಿದರು. ಕೊನೆಗೆ ಅವಳು ನಕ್ಕಳು. ನಕ್ಕವಳು ತಾನೇ ಬೆಚ್ಚಿಬಿದ್ದಳು. ಆ ಕಡೆ ಅವನು 'ಇಡ್ತೀನಿ ಮೇಡಂ' ಎಂದು ಫೋನ್ ಇಟ್ಟ.

ಆಮೇಲೆ ಮೂರು ಭಾನುವಾರ ಫೋನ್ ಬರಲಿಲ್ಲ.

ಅವರ ಸಾವಿನ ದಾರಿಯಲ್ಲೇ ನನಗೆ ಪ್ರೀತಿ ಎದುರಾಗಬೇಕಿತ್ತೇ? ಇದು ಎಂಥ ಪಾಪ! ಬೃಂದಾ ತನ್ನಲ್ಲೇ ಬೇಯುತ್ತಿದ್ದಳು.

ನಾಲ್ಕನೆಯ ಭಾನುವಾರ ಚಿಕ್ಕಬೀರಮ್ಮ ಸ್ಕೂಟರಿನ ಕೀ ತಂದು ಅವಳ ಮುಂದಿಟ್ಟರು.

"ಓಗು."

"ಎಲ್ಲಿಗೆ ಅತ್ತೆ?"

"ನನ್ನೇನು ಕೇಳ್ತೀಯೆ? ಫೋನ್ ನೋಡ್ಕಂಡು ಕೂರೋಳು ನೀನು." ಅವರು ಕೀಯನ್ನು ಅವಳ ಅಂಗೈಗೆ ಒತ್ತಿದರು. "ನನ್ ಮಗ ಓದ ಅಂತ ನೀನೂ ಅವ್ನ್ ಜೊತೆ ಓಗಬ್ಯಾಡ ಕಣವ್ವ. ಅವ್ನಿಗೂ ಅದು ಬೇಕಾಗಿರ್ನಿಲ್ಲ."

ಭೇರ್ಯದ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಯತೀಶ್ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪೈರಿನ ಕಟ್ಟು ಎಸೆಯುತ್ತಿದ್ದ. ಬದುವಿನ ಮೇಲೆ ಅವಳನ್ನು ಕಂಡು ಕೈಯಲ್ಲಿದ್ದ ಕಟ್ಟು ಹಾಗೇ ಜಾರಿಬಿತ್ತು.

"ಅವ್ವ ಚೆನ್ನಾಗಿದ್ದಾರಾ?" ಗಾಬರಿಯಿಂದ ಕೇಳಿದ.

"ಇದ್ದಾರೆ. ನೀವ್ಯಾಕೆ ಫೋನ್ ಮಾಡ್ಲಿಲ್ಲ?"

ಅವನು ಬದುವಿನ ಹತ್ತಿರ ಬಂದ, ಮೇಲೆ ಹತ್ತಲಿಲ್ಲ. "ನನ್ನ ಧ್ವನಿ ಕೇಳಿದಾಗೆಲ್ಲ ನಿಮಗೆ ಆ ದಿನ ನೆನಪಾಗುತ್ತೆ ಬೃಂದಾ. ಜೀವನಪೂರ್ತಿ ಆಗುತ್ತೆ. ಅಂಥವನು ನಿಮ್ಮನ್ನ ಇಷ್ಟಪಡಬಾರದು... ಪಟ್ಟುಬಿಟ್ಟೆ. ಅದಕ್ಕೇ."

ಮೊದಲ ಸಲ 'ಮೇಡಂ' ಬಿಟ್ಟು ಹೆಸರು ಹಿಡಿದಿದ್ದ. ಅವನಿಗದು ತಿಳಿಯಲೂ ಇಲ್ಲ.

"ನೆನಪಾಗ್ಲಿ" ಎಂದಳು ಬೃಂದಾ. ಕಣ್ಣು ತುಂಬಿ ಬಂದಿತ್ತು. "ಮರೀಬೇಕು ಅಂತ ನಾನು ಯಾವತ್ತೂ ಕೇಳಿಲ್ಲ. ಅವರು ಕನಸಿಗೆ ಬರ್ತಾರೆ, ಅಡುಗೆಮನೆಗೆ ಬರ್ತಾರೆ, ಮುಂದೇನೂ ಬರ್ತಾರೆ. ಅವರನ್ನ ನೆನೆದು ಅಳೋಕೆ ನಾನು ನಿಮ್ಮನ್ನ ಬಿಟ್ಟು ಇನ್ಯಾರ ಹತ್ರ ಹೋಗ್ಲಿ ಯತೀಶ್? ನಗೋಕೂ..."

ಅವನು ಕೆಸರಿನ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೇ ಇದ್ದ. ಅವಳೇ ಬದುವಿನ ಅಂಚಿಗೆ ಕೂತು ಅವುಗಳಲ್ಲಿ ಒಂದನ್ನು ಎಳೆದು ಹಿಡಿದುಕೊಂಡಳು.

"ಒಂದು ಮಾತು ಮೊದಲೇ ಹೇಳ್ತೀನಿ. ಅತ್ತೇನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ಅವ್ವನ್ನ ಬಿಟ್ಟು ನಿಮ್ಮೊಬ್ಬರನ್ನೇ ಕೊಡಿ ಅಂತ ನಾನು ಕೇಳಿದ್ನಾ?"

ಅವಳು ಅಳುತ್ತಲೇ ನಕ್ಕಳು. ಗದ್ದೆಯ ಆ ತುದಿಯಲ್ಲಿ ನಾಟಿ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಇತ್ತಲೇ ನೋಡುತ್ತಿದ್ದರು.

"ಬೃಂದಾ... ನಂಗೆ ಹೆದರಿಕೆ ಆಗ್ತಿದೆ."

"ನಂಗೂ."

"ಮತ್ತೆ?"

"ಆಗ್ಲಿ ಬಿಡಿ. ಇಬ್ಬರೂ ಒಟ್ಟಿಗೇ ಹೆದರೋಣ."